ಕಮಲಾಕ್ಷಮ್ಮನ ಮುಚ್ಚಳದಲ್ಲಿ ಉಳಿದ ಸ್ಟಾಪ್

ನಮ್ಮ ಕ್ಲಿನಿಕ್ಕಿನಲ್ಲಿ ಎಣಿಕೆ ತಪ್ಪದವರು ಅಂತ ಒಬ್ಬರಿದ್ದರೆ ಅದು ಕಮಲಾಕ್ಷಮ್ಮ. ನಾನು ವಕ್ರ ಹಲ್ಲು ನೆಟ್ಟಗೆ ಮಾಡುವ ಡಾಕ್ಟರು, ಗೋಡೆಗೆ ಮೂರು ಸರ್ಟಿಫಿಕೇಟು ಹೊಡೆಸಿಕೊಂಡು ಕೂತವಳು. ಆದರೂ ಬಾಯಿಗೆ ಎಷ್ಟು ಹತ್ತಿಯುಂಡೆ ಹೋಯಿತು, ಎಷ್ಟು ಹೊರಗೆ ಬಂತು ಅಂತ ನನ್ನನ್ನು ಕೇಳಿದರೆ ತಲೆ ಕೆರೆದುಕೊಳ್ಳುತ್ತೇನೆ. ಅವರನ್ನು ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಡದೆ ಉತ್ತರ ಹೇಳುತ್ತಾರೆ. ಇಂಥವರ ಎಣಿಕೆ ಒಂದೇ ಒಂದು ಸಲ ತಪ್ಪಿತು. ತಪ್ಪಿದ್ದು ನನ್ನ ಅವಸರದಿಂದ ಅಂತ ಈಗ ಧೈರ್ಯವಾಗಿ ಹೇಳುತ್ತೇನೆ. ಆಗ ಹೇಳುತ್ತಿದ್ದೆನೋ ಇಲ್ಲವೋ, ನನಗೇ ಗೊತ್ತಿಲ್ಲ.

ಅವರು ಹುಟ್ಟಿ ಬೆಳೆದದ್ದು ಬಾಪೂಜಿ ನಗರದ ಒಂದು ವಠಾರದಲ್ಲಿ. ಒಂಬತ್ತನೇ ವಯಸ್ಸಿಗೇ ಅಮ್ಮನ ಪಕ್ಕದಲ್ಲಿ ಮಣೆ ಹಾಕಿಕೊಂಡು ಊದುಬತ್ತಿ ಹೊಸೆಯಲು ಕೂತರು. ಸಾವಿರದ ಕಟ್ಟಿನಲ್ಲಿ ಎರಡು ಕಡ್ಡಿ ಕಡಿಮೆ ಬಿದ್ದರೂ ಇಡೀ ಕಟ್ಟು ವಾಪಸು ಬರುತ್ತಿತ್ತಂತೆ. ಹಾಗಾಗಿ ಬಾಯಲ್ಲಿ ಹರಟೆ ನಡೆಯುತ್ತಿದ್ದರೂ ಬೆರಳು ತನ್ನ ಪಾಡಿಗೆ ಎಣಿಸುವುದನ್ನು ಕಲಿತುಬಿಟ್ಟಿತ್ತು. ಮದುವೆಯಾಗಿ ಕುರುಬರಹಳ್ಳಿಗೆ ಬಂದರು. ಗಂಡ ಚಿಕ್ಕಮುನಿಯಪ್ಪ ಮರಗೆಲಸದವರು. ಮೂವತ್ತನಾಲ್ಕನೇ ವಯಸ್ಸಿನಲ್ಲಿ, ನಾನು ವಿಜಯನಗರದಲ್ಲಿ ಕ್ಲಿನಿಕ್ ತೆರೆದ ವರ್ಷವೇ, ಕಸ ಗುಡಿಸುವ ಕೆಲಸಕ್ಕೆ ನನ್ನಲ್ಲಿಗೆ ಬಂದರು.

ಮೂರು ತಿಂಗಳು ಗುಡಿಸಿರಬಹುದು. ಒಂದು ದಿನ ನಾನು ರಬ್ಬರ್ ರಿಂಗುಗಳ ಡಬ್ಬಿ ಬೀಳಿಸಿದೆ. ಸಾಸಿವೆಗಿಂತ ಸ್ವಲ್ಪ ದೊಡ್ಡವು, ಹತ್ತು ಬಣ್ಣ, ನೆಲದ ತುಂಬ. ನಾನು ಯಾರನ್ನೋ ಬೈಯುತ್ತಿದ್ದೆ, ಬಹುಶಃ ಡಬ್ಬಿಯನ್ನೇ. ಕಮಲಾಕ್ಷಮ್ಮ ಪೊರಕೆ ಪಕ್ಕಕ್ಕಿಟ್ಟು ಕುಕ್ಕರುಗಾಲಲ್ಲಿ ಕೂತು ಬಣ್ಣಬಣ್ಣವಾಗಿ ಆರಿಸಿ ಮುಂದಿಟ್ಟರು. ಆ ಬೆರಳು ನೋಡಿದ ಮೇಲೆ ಪೊರಕೆ ಇನ್ನೊಬ್ಬರ ಕೈಗೆ ಹೋಯಿತು. ಅವರು ಕುರ್ಚಿಯ ಪಕ್ಕಕ್ಕೆ, ನನ್ನ ಎಡಗೈ ಕಡೆಗೆ ಬಂದರು.

ಆ ರಿಂಗುಗಳ ಕೆಲಸ ಇಷ್ಟೇ. ಒಂದೊಂದು ಹಲ್ಲಿಗೂ ಬ್ರ್ಯಾಕೆಟ್ ಅನ್ನುವ ಪುಟ್ಟ ಲೋಹದ ಬಿಲ್ಲೆ ಅಂಟಿಸುತ್ತೇವೆ. ಅದರ ನಡುವಿನ ಕಾಲುವೆಯಲ್ಲಿ ತಂತಿ ಕೂರಿಸುತ್ತೇವೆ. ತಂತಿ ಜಾರದಂತೆ ಪ್ರತಿ ಹಲ್ಲಿನ ಮೇಲೂ ಒಂದು ರಿಂಗು ಬಿಗಿಯಬೇಕು. ಮಕ್ಕಳು ಬಣ್ಣ ಆರಿಸುತ್ತಿದ್ದರು, ನವೆಂಬರ್ ಬಂದರೆ ಎಲ್ಲರಿಗೂ ಹಳದಿ ಕೆಂಪೇ ಆಗಬೇಕು. ಕಮಲಾಕ್ಷಮ್ಮ ಕುಂಕುಮದ ಭರಣಿಯ ಒಂದು ಸ್ಟೀಲ್ ಮುಚ್ಚಳ ತಂದಿಟ್ಟುಕೊಂಡಿದ್ದರು. ಎಷ್ಟು ಹಲ್ಲೋ ಅಷ್ಟೇ ರಿಂಗು ಅದರಲ್ಲಿ. ಕೊನೆಗೆ ಮುಚ್ಚಳ ಖಾಲಿಯಾಗಿದ್ದರೆ ಕೆಲಸ ಸರಿಯಾಗಿದೆ ಅಂತ ಅರ್ಥ. ಹದಿನೆಂಟು ವರ್ಷ ಆ ಮುಚ್ಚಳ ನನ್ನ ಮಾನ ಕಾಪಾಡಿದೆ.

ಅವರಲ್ಲಿ ನನಗೆ ಹಿಡಿಸದ ಗುಣವೂ ಒಂದಿತ್ತು, ಗದರುವುದು. ತಂತಿ ಹಾಕಿದ ಮೇಲೆ ಎರಡು ಮೂರು ದಿನ ನೋಯುತ್ತದೆ, ಅದು ಸಹಜ. ಕುರ್ಚಿಯಿಂದ ಇಳಿಯುವ ಪ್ರತಿ ಮಗುವಿಗೂ ಅವರದು ಒಂದೇ ಉಪದೇಶ. "ನೋವಾಗುತ್ತೆ. ಹಲ್ಲು ಕಚ್ಕೊಂಡು ತಡ್ಕೋಬೇಕು. ಸಣ್ಣಪುಟ್ಟದಕ್ಕೆಲ್ಲ ಫೋನ್ ಮಾಡ್ಬಾರ್ದು, ಅಳ್ಬಾರ್ದು, ಗೊತ್ತಾಯ್ತಾ?" ಸುಳ್ಳು ಯಾಕೆ ಹೇಳಲಿ, ಅದರಿಂದ ನನ್ನ ಫೋನಿಗೂ ನೆಮ್ಮದಿ ಇತ್ತು. ಹಿಡಿಸದಿದ್ದರೂ ಬೇಡ ಅನ್ನಲಿಲ್ಲ.

ಈ ಜೂನ್‌ನಲ್ಲಿ ನಾನು ಹೊಸ ನಮೂನೆಯ ಬ್ರ್ಯಾಕೆಟ್ ತರಿಸಿದೆ. ಇದಕ್ಕೆ ರಿಂಗು ಬೇಡ. ಪ್ರತಿ ಬಿಲ್ಲೆಗೂ ಅದರದೇ ಒಂದು ಪುಟ್ಟ ಬಾಗಿಲಿದೆ. ತಂತಿ ಕೂರಿಸಿ ಬಾಗಿಲು ಒತ್ತಿದರೆ ಟಕ್ ಅಂತ ಮುಚ್ಚಿಕೊಳ್ಳುತ್ತದೆ. ರಿಂಗು ಬಿಗಿಯುತ್ತಾ ಅರ್ಧ ಗಂಟೆ ಹಿಡಿಯುತ್ತಿದ್ದ ಕೆಲಸ ಹತ್ತೇ ನಿಮಿಷ. ನಾನು ಹೊಸ ಸ್ಕೂಟರ್ ಸಿಕ್ಕ ಹುಡುಗಿಯಂತೆ ಹಿಗ್ಗಿದೆ. ಕಮಲಾಕ್ಷಮ್ಮ ಮಾತ್ರ ಮುಚ್ಚಳ ಕೈಯಲ್ಲಿ ಹಿಡಿದುಕೊಂಡು ಕೇಳಿದರು. "ಮೇಡಂ, ಇದ್ರಲ್ಲಿ ಏನ್ ಎಣಿಸ್ಲಿ?"

ಎಣಿಸಲು ಒಂದು ವಸ್ತು ಇತ್ತು, ಸ್ಟಾಪ್. ರಿಂಗು ತಂತಿಯನ್ನು ಒತ್ತಿ ಹಿಡಿಯುತ್ತಿತ್ತು. ಬಾಗಿಲು ಹಾಗೆ ಒತ್ತುವುದಿಲ್ಲ, ತಂತಿ ಒಳಗೆ ಸಲೀಸಾಗಿ ಓಡಾಡುತ್ತದೆ. ಹಲ್ಲು ಸರಿಯಲು ಅದು ಒಳ್ಳೆಯದು. ಆದರೆ ಉಣ್ಣುತ್ತಾ ಜಗಿಯುತ್ತಾ ತಂತಿ ಒಂದೇ ಕಡೆಗೆ ಸರಿದು, ಹಿಂದಿನ ತುದಿ ಕೆನ್ನೆಗೆ ಚುಚ್ಚಬಹುದು. ಅದಕ್ಕೇ ಮುಂಭಾಗದಲ್ಲಿ, ಎರಡು ಬ್ರ್ಯಾಕೆಟ್ ನಡುವೆ, ಅಕ್ಕಿಕಾಳಿನ ಕಾಲುಭಾಗದಷ್ಟು ಕೊಳವೆಯೊಂದನ್ನು ತಂತಿಗೆ ತೂರಿಸಿ ಇಕ್ಕಳದಿಂದ ಅಮುಕಬೇಕು. ತೂರಿಸಿ ಕೊಡುವುದು ಅವರ ಕೆಲಸ, ಅಮುಕುವುದು ನನ್ನ ಕೆಲಸ. ರಿಂಗಿನ ಕಾಲದಲ್ಲಿ ಇದು ಬೇಕೇ ಇರಲಿಲ್ಲ. ಹದಿನೆಂಟು ವರ್ಷ ರಿಂಗು ಬಿಗಿದ ಕೈಗೆ ಇದೊಂದು ನೆನಪೇ ಇರುವುದಿಲ್ಲ. ಅವರ ಕೈಗೂ ಇರಲಿಲ್ಲ, ನನ್ನ ಕೈಗೂ ಇರಲಿಲ್ಲ.

ಜುಲೈನಲ್ಲಿ ಒಮ್ಮೆ ಅವರು ಸ್ಟಾಪ್ ಇಲ್ಲದ ತಂತಿ ಕೊಟ್ಟರು. ಆಗ ನಾನು ಗಮನಿಸಿದೆ. ಕಾಯುವ ಕೋಣೆಯ ಬಾಗಿಲು ತೆರೆದೇ ಇತ್ತು, ಆರೇಳು ಜನ ಕೂತಿದ್ದರು. "ಹೊಸದು ನಿಮ್ ಕೈಗೆ ಹತ್ತಲ್ಲ ಅಂದ್ರೆ ಹೇಳ್ಬಿಡಿ ಕಮಲಾಕ್ಷಮ್ಮ, ಬೇರೆಯವರನ್ನ ನೋಡ್ಕೋತೀನಿ" ಅಂದೆ. ನನ್ನ ಸಿಟ್ಟು ಕಾಫಿ ಕುಡಿಯುವಷ್ಟರಲ್ಲಿ ಇಳಿದು, ಸಂಜೆಗೆ ಮಾತೇ ಮರೆತುಹೋಗುತ್ತದೆ. ಕೇಳಿಸಿಕೊಂಡವರಿಗೂ ಮರೆಯುತ್ತದೆ ಅಂತ ನಾನು ನಂಬಿದ್ದೆ.

ಮಹಾನವಮಿಗೆ ನಾಲ್ಕು ದಿನ ಮುಂಚಿನ ಶನಿವಾರ ಕ್ಲಿನಿಕ್ ಗಿಜಿಗುಟ್ಟುತ್ತಿತ್ತು. ಆ ಮಧ್ಯಾಹ್ನ ಹೊಸ ತಂತಿ ಹಾಕಿದ್ದು ಇಬ್ಬರಿಗೆ. ಆರ್‌ಪಿಸಿ ಲೇಔಟಿನ ಬಿಂದುಶ್ರೀ, ಕಾಲೇಜು ಹುಡುಗಿ. ಬಾಪೂಜಿ ನಗರದ ಕವನಾ, ಹನ್ನೆರಡು ವರ್ಷದ, ಮಾತು ಕಮ್ಮಿಯ ಮಗು. ಬೆಳಗ್ಗೆ ಕಮಲಾಕ್ಷಮ್ಮ ಮುಚ್ಚಳದಲ್ಲಿ ಎರಡು ಸ್ಟಾಪ್ ಇಟ್ಟಿದ್ದರು. ನಾನು "ಬೇಗ, ಬೇಗ" ಅನ್ನುತ್ತಲೇ ಇದ್ದೆ. ಟಕ್ ಟಕ್ ಅಂತ ಬಾಗಿಲು ಮುಚ್ಚಿ, ಒಂಬತ್ತು ನಿಮಿಷದಲ್ಲಿ ಮುಗಿಸಿದೆ ಅಂತ ಗಡಿಯಾರ ತೋರಿಸಿ ಬೀಗಿದ್ದೂ ಇದೆ.

ಬುಧವಾರ ಆಯುಧಪೂಜೆ. ಬೆಳಗ್ಗೆ ಎಂಟಕ್ಕೇ ಬಂದು ಕಮಲಾಕ್ಷಮ್ಮ ಇಕ್ಕಳ, ಚಿಮಟ, ಕನ್ನಡಿ ಎಲ್ಲ ತೊಳೆದು ಒರೆಸಿ ಸಾಲಾಗಿ ಜೋಡಿಸುತ್ತಿದ್ದರು. ಶನಿವಾರದಿಂದ ಹೊಸ ತಂತಿಯ ಕೆಲಸ ಇರದೆ ಡ್ರಾಯರಿನಲ್ಲೇ ಇದ್ದ ತಮ್ಮ ಮುಚ್ಚಳವನ್ನೂ ಪೂಜೆಗಿಡೋಣ ಅಂತ ತೆಗೆದರು. ಅದರ ಅಂಚಿನಲ್ಲಿ, ಒಣಗಿದ ಹತ್ತಿಯ ಎಳೆಗೆ ಅಂಟಿಕೊಂಡು, ಒಂದು ಸ್ಟಾಪ್ ಉಳಿದಿತ್ತು.

ಆಮೇಲೆ ನಡೆದದ್ದನ್ನು ಅವರೇ ನನಗೆ ಹೇಳಿದ್ದಾರೆ. ಇಬ್ಬರು ಮಕ್ಕಳು, ಎರಡು ಸ್ಟಾಪ್, ಉಳಿದದ್ದು ಒಂದು. ಅಂದರೆ ಒಬ್ಬಳ ಬಾಯಲ್ಲಿ ತಂತಿ ನಾಲ್ಕು ದಿನದಿಂದ ತನ್ನಿಷ್ಟಕ್ಕೆ ಸರಿಯುತ್ತಿದೆ. ಯಾರ ಬಾಯಲ್ಲಿ? ಅಷ್ಟರಲ್ಲಿ ನಾನು ರೇಷ್ಮೆ ಸೀರೆ ಉಟ್ಟುಕೊಂಡು, ನಗುತ್ತಾ, ಬೂದುಗುಂಬಳಕಾಯಿ ಹಿಡಿದು ಬಂದೆ. ಹೇಳಬೇಕು ಅಂತ ಬಾಯಿ ತೆರೆದರಂತೆ. ಜುಲೈ ತಿಂಗಳ ನನ್ನ ಮಾತು ನೆನಪಾಗಿ ಹೂವಿನ ಬುಟ್ಟಿಗೆ ಕೈ ಹಾಕಿದರಂತೆ. ನಾನು ಕಂಡದ್ದು ಇಷ್ಟೇ, ಅವರು ಒಂದೇ ಇಕ್ಕಳಕ್ಕೆ ಎರಡು ಸಲ ಕುಂಕುಮ ಹಚ್ಚಿದರು. ಉಪವಾಸ ಇರಬೇಕು ಅಂದುಕೊಂಡೆ. ಎಂಥ ಡಾಕ್ಟರು ನೋಡಿ!

ನಮ್ಮಲ್ಲಿ ಆಯುಧಪೂಜೆಯ ಕಟ್ಟಳೆ ಅವರದೇ. ಒಮ್ಮೆ ಹೂವೇರಿಸಿದ ಮೇಲೆ ಹಬ್ಬ ಮುಗಿದು ಬಾಗಿಲು ತೆರೆದು ಮರುಪೂಜೆ ಮಾಡುವವರೆಗೆ ಯಾವ ಉಪಕರಣವನ್ನೂ ಅಲುಗಿಸಬಾರದು. ಒಂದು ವರ್ಷ ನಾನು ಮರೆತು ಬಾಯಿಕನ್ನಡಿಗೆ ಕೈ ಹಾಕಿದಾಗ "ಮುಟ್ಬೇಡಿ ಮೇಡಂ, ವರ್ಷಕ್ಕೊಂದಿನ ಅವೂ ಕೂತ್ಕೊಳ್ಳಲಿ" ಅಂತ ನನ್ನ ಕೈಯನ್ನೇ ಸರಿಸಿದ್ದರು.

ಪೂಜೆ ಮುಗಿಸಿ ಹನ್ನೊಂದಕ್ಕೆ ಬೀಗ ಹಾಕಿದೆವು. ನಾನು ಮನೆಗೆ ಹೋದೆ. ಅವರು ಕುರುಬರಹಳ್ಳಿಯ ಬಸ್ಸು ಹತ್ತಲಿಲ್ಲ. ಕಡ್ಲೆಪುರಿ ಪೊಟ್ಟಣ ಹಿಡಿದುಕೊಂಡು ನೇರ ಆರ್‌ಪಿಸಿ ಲೇಔಟಿಗೆ ನಡೆದರು.

ಬಿಂದುಶ್ರೀ ಗೇಟಿನ ಹತ್ತಿರವೇ ಸ್ಕೂಟಿಗೆ ಹೂ ಕಟ್ಟುತ್ತಿದ್ದಳು. "ಏನ್ ಆಂಟಿ, ಮನೆ ತನಕ ಪ್ರಸಾದ!" ಅಂದಳು.

"ಎಲ್ಲಿ, ಒಂದ್ಸಲ ಬಾಯ್ ಬಿಡಮ್ಮಾ."

ಅವಳು ನಗುತ್ತಾ ಬಾಯಿ ತೆರೆದಳು. ಮೇಲಿನ ಎರಡು ಮುಂಬಲ್ಲಿನ ನಡುವೆ ಸ್ಟಾಪ್ ಬಿಸಿಲಿಗೆ ಹೊಳೆಯಿತು. ಇಲ್ಲಿ ಕಾಣದಿದ್ದರೇ ಚೆನ್ನಾಗಿತ್ತು, ಇವಳಾದರೆ ಇರುವೆ ಕಚ್ಚಿದರೂ ಫೋನ್ ಮಾಡುವವಳು ಅಂತ ಅವರಿಗೆ ಅನ್ನಿಸಿತಂತೆ. ಉಳಿದವಳು ಕವನಾ. ಫೋನ್ ಮಾಡದ ಹುಡುಗಿ.

ರಸ್ತೆ ಬದಿಯಲ್ಲೇ ನಿಂತು ಕವನಾಳ ತಂದೆ ಗಿರಿರಾಜ್‌ಗೆ ಫೋನ್ ಮಾಡಿದರು. ಆಟೋ ಓಡಿಸುವವರು, ಹಿನ್ನೆಲೆಯಲ್ಲಿ ತಮಟೆಯ ಸದ್ದು.

"ಸೂಪರಾಗಿದಾಳೆ ಆಂಟಿ! ಒಂದಿನಾನೂ ನೋವು ಅಂದಿಲ್ಲ. ರಜ ಅಲ್ವಾ, ಕೆಂಗೇರೀಲಿ ನಮ್ಮಕ್ಕನ ಮನೇಲಿದಾಳೆ."

"ಊಟ ಮಾಡ್ತಿದಾಳಾ ಅಣ್ಣ?"

"ಮಾಡ್ತಿರ್ತಾಳೆ ಬಿಡಿ. ನಂಬರ್ ಕಳಿಸ್ತೀನಿ, ನೀವೇ ಕೇಳಿ."

ಅಕ್ಕ ಯಶೋದಮ್ಮನಿಗೆ ಫೋನ್ ಹೋಯಿತು. "ಹಲ್ಲಿಗೆ ಕ್ಲಿಪ್ ಹಾಕ್ಸಿದೀರಲ್ಲಾ, ಮಾತೇ ಕಮ್ಮಿ ಮಾಡ್ಬಿಟ್ಟಿದಾಳೆ. ಗಂಜಿ ಕುಡೀತಾಳೆ, ಸುಮ್ನೆ ಮಲಗಿರ್ತಾಳೆ. ಕೇಳಿದ್ರೆ ಏನಿಲ್ಲ ಅಂತಾಳೆ" ಅಂದರು ಆಕೆ.

ಅದನ್ನು ಕೇಳಿದ ಮೇಲೆ ಅವರು ನಡೆಯಲಿಲ್ಲ, ಓಡಿದರು. ವಿಜಯನಗರದಲ್ಲಿ ಮೆಟ್ರೋ ಹತ್ತಿದರು. ಕೂರಲು ಜಾಗವಿದ್ದರೂ ಬಾಗಿಲ ಹತ್ತಿರವೇ ನಿಂತರು. ಅತ್ತಿಗುಪ್ಪೆ, ದೀಪಾಂಜಲಿ ನಗರ, ಮೈಸೂರು ರಸ್ತೆ. ಪ್ರತಿ ಸ್ಟೇಷನ್ನಿನಲ್ಲೂ ಬಾಗಿಲು ತೆರೆದು ಮುಚ್ಚುವಷ್ಟು ಹೊತ್ತು ಒಂದೊಂದು ಯುಗವಾಯಿತಂತೆ. ತಂತಿ ಕೆನ್ನೆಗೆ ಹೊಕ್ಕಿದ್ದರೆ? ಕೀವು ಆಗಿದ್ದರೆ? ಮುಖ ಊದಿ, ಜ್ವರ ಬಂದು, ದೊಡ್ಡಾಸ್ಪತ್ರೆಗೆ ಸೇರಿಸುವ ಹಾಗಾದರೆ? ಹಬ್ಬದ ದಿನ ಯಾವ ಆಸ್ಪತ್ರೆಯಲ್ಲಿ ಯಾರು ಸಿಗುತ್ತಾರೆ? ಎದುರಿಗೆ ಕೂತ ಒಂದು ಮಗು ಇವರನ್ನು ನೋಡಿ ಹಲ್ಲು ಬಿಟ್ಟು ನಕ್ಕಿತು. ಅದರ ಹಲ್ಲನ್ನೂ ಎಣಿಸಿಬಿಟ್ಟೆ ಮೇಡಂ ಅಂತ ಆಮೇಲೆ ಹೇಳಿದರು. ಭಯವಾದಾಗ ಅವರ ಮನಸ್ಸು ಮಾಡುವುದು ಅದೊಂದೇ ಕೆಲಸ.

ಯಶೋದಮ್ಮನ ಮನೆಯಲ್ಲಿ ಒಬ್ಬಟ್ಟಿನ ವಾಸನೆ. ಕವನಾ ಒಳಕೋಣೆಯಲ್ಲಿ ಬಲಗೆನ್ನೆ ದಿಂಬಿಗೆ ತಾಗದಂತೆ ಮಲಗಿದ್ದಳು. ಕಮಲಾಕ್ಷಮ್ಮನನ್ನು ಕಂಡವಳೇ ಎದ್ದು ಕೂತು, ಮೇಷ್ಟರು ಬಂದ ಹಾಗೆ ಬೆನ್ನು ನೆಟ್ಟಗೆ ಮಾಡಿದಳು.

ಬಾಯಿ ಪೂರ್ತಿ ತೆರೆಯಲಾಗಲಿಲ್ಲ. ತೆರೆದಷ್ಟರಲ್ಲೇ ಮೊಬೈಲಿನ ಬೆಳಕು ಬಿಟ್ಟು ನೋಡಿದರು. ತಂತಿ ಪೂರಾ ಬಲಕ್ಕೆ ಸರಿದಿತ್ತು. ಎಡಗಡೆ ಹಿಂದಿನ ಹಲ್ಲಿನ ಮೇಲೆ ತಂತಿಯ ತುದಿ ತೂರಿರಬೇಕಾದ ಕೊಳವೆ ಖಾಲಿ. ಬಲಗಡೆ ತುದಿ ಕೆನ್ನೆಯ ಮಾಂಸದೊಳಗೆ ಹೋಗಿತ್ತು. ಸುತ್ತ ಊದಿ ಬೆಳ್ಳಗಾಗಿ, ತುದಿಯೇ ಕಾಣುತ್ತಿರಲಿಲ್ಲ.

ನಾನು ಹೋಳಿಗೆ ತಿಂದು ಅಡ್ಡಾಗಿದ್ದೆ. ಫೋನ್ ಎತ್ತಿದರೆ ಕಮಲಾಕ್ಷಮ್ಮ. "ಮೇಡಂ, ಶನಿವಾರ ಕವನಾಗೆ ಸ್ಟಾಪ್ ಹಾಕಿಲ್ಲ. ನಾನ್ ಕೊಡ್ಲಿಲ್ಲ. ಕೆನ್ನೆ ಒಳಗ್ ಹೋಗಿದೆ. ಕರ್ಕೊಂಡ್ ಬರ್ತಾ ಇದೀನಿ."

"ಜ್ವರ ಇದ್ಯಾ? ಉಸಿರಾಟ, ನುಂಗೋದು ಸರಿ ಇದ್ಯಾ?"

"ಜ್ವರ ಇಲ್ಲ. ನುಂಗ್ತಾಳೆ. ಮೇಡಂ, ಬೇಗ ಬನ್ನಿ."

ನಾನು ಅವರಿಗಿಂತ ಮುಂಚೆ ಕ್ಲಿನಿಕ್ ತಲುಪಿದೆ. ಉಪಕರಣಗಳೆಲ್ಲ ಸೇವಂತಿಗೆ ಹೊದ್ದು, ಕುಂಕುಮ ಇಟ್ಟುಕೊಂಡು ಕೂತಿದ್ದವು. ನಾನು ಮುಟ್ಟದೆ ನಿಂತೆ. ಆ ಸ್ಥಿತಿಯಲ್ಲೂ ಕೈ ಹೋಗಲಿಲ್ಲ, ಅವರ ಕಟ್ಟಳೆ ನನಗೂ ಅಷ್ಟು ಅಂಟಿತ್ತು. ಕಮಲಾಕ್ಷಮ್ಮ ಒಳಗೆ ಬಂದವರು ಮಗುವನ್ನು ಕುರ್ಚಿಯಲ್ಲಿ ಕೂರಿಸಿದರು. ಸೀದಾ ಹೋಗಿ ಹೂವನ್ನು ಎರಡೂ ಕೈಯಿಂದ ಪಕ್ಕಕ್ಕೆ ತಳ್ಳಿ, ತಂತಿ ಕತ್ತರಿಸುವ ಇಕ್ಕಳ, ಚಿಮಟ, ಕನ್ನಡಿ ಎತ್ತಿಕೊಂಡರು. ಕುಂಕುಮ ಉಜ್ಜಿ ತೊಳೆದು ಸ್ಟೆರಿಲೈಸರಿಗೆ ಹಾಕಿದರು. "ತಾಯಿ ಬೈದ್ರೆ ನನ್ನ ಬೈಲಿ" ಅಂದದ್ದು ನನಗೋ ದೇವರಿಗೋ ತಿಳಿಯಲಿಲ್ಲ.

ಆ ಯಂತ್ರ ಕಾಯ್ದು ಮುಗಿಸಲು ಅರ್ಧ ಗಂಟೆ ಬೇಕು. ಅದನ್ನು ಅವಸರಪಡಿಸಲಾಗುವುದಿಲ್ಲ. ಮೂವರೂ ಅದರ ಕೆಂಪು ದೀಪವನ್ನೇ ನೋಡುತ್ತಾ ಕೂತೆವು. ಕಮಲಾಕ್ಷಮ್ಮ ಮಗುವಿನ ಪಾದ ಹಿಡಿದುಕೊಂಡಿದ್ದರು.

"ಇಷ್ಟ್ ನೋವಾದ್ರೂ ಯಾಕೆ ಯಾರ್ಗೂ ಹೇಳ್ಲಿಲ್ಲ ಕಂದಾ?"

ಕವನಾ ಬಾಯಿ ಅರ್ಧ ತೆರೆದು ತೊದಲುತ್ತಾ ಹೇಳಿದಳು. "ನೀವೇ ಹೇಳಿದ್ರಲ್ಲಾ ಆಂಟಿ, ತಡ್ಕೋಬೇಕು, ಫೋನ್ ಮಾಡ್ಬಾರ್ದು ಅಂತ. ನಾನ್ ಒಂದ್ಸಲಾನೂ ಅಳ್ಲಿಲ್ಲ." ಹೇಳಿದ ರೀತಿಯಲ್ಲಿ ದೂರಿರಲಿಲ್ಲ. ನೂರಕ್ಕೆ ನೂರು ತೆಗೆದ ಹುಡುಗಿಯ ಹೆಮ್ಮೆ ಇತ್ತು. ಅದೇ ನಮ್ಮಿಬ್ಬರನ್ನೂ ಕೊಂದಿತು. ಕಮಲಾಕ್ಷಮ್ಮ ಎದ್ದು ಕೈ ತೊಳೆಯುವ ಬೇಸಿನ್ನಿನ ಕಡೆ ತಿರುಗಿ ನಿಂತು, ನಲ್ಲಿ ಬಿಟ್ಟುಕೊಂಡು ಅತ್ತರು. ಹದಿನೆಂಟು ವರ್ಷದಲ್ಲಿ ನಾನು ನೋಡಿದ ಮೊದಲ ಅಳು.

ಅರಿವಳಿಕೆ ಕೊಟ್ಟು, ಬಾಗಿಲುಗಳನ್ನು ಒಂದೊಂದಾಗಿ ತೆರೆದು, ತಂತಿ ಮೆಲ್ಲಗೆ ಮುಂದಕ್ಕೆ ಎಳೆದೆ. ತುದಿ ಬಂತು. ಒಂದಿಷ್ಟು ರಕ್ತ, ಸ್ವಲ್ಪ ಕೀವು. ಗಾಯ ಕೆನ್ನೆಯ ಆಚೆಗೆ ಹೋಗಿರಲಿಲ್ಲ. ತಂತಿ ಪೂರ್ತಿ ತೆಗೆದು, ತೊಳೆದು ಔಷಧಿ ಇಟ್ಟೆ. ಇನ್ನೂ ನಾಲ್ಕು ದಿನ ಬಿಟ್ಟಿದ್ದರೆ ಈ ಮಾತನ್ನು ಇಷ್ಟು ಹಗುರಾಗಿ ಬರೆಯುತ್ತಿರಲಿಲ್ಲ.

ಅಷ್ಟರಲ್ಲಿ ಅಕ್ಕನ ಫೋನ್ ಸಿಕ್ಕಿ ಗಿರಿರಾಜ್ ಬಂದರು. ಬಾಳೆಕಂದು ಕಟ್ಟಿ, ಚೆಂಡುಹೂ ಸುತ್ತಿದ ಆಟೋ ಹೊರಗೆ ನಿಂತಿತ್ತು. ಹಣೆಯ ಮೇಲೆ ಇನ್ನೂ ಕುಂಕುಮ. "ಹೆಂಗಾಯ್ತು ಮೇಡಂ ಇದು? ಯಾರ್ ತಪ್ಪು?"

"ನಂದು ಅಣ್ಣ. ನಾನೇ ಮರೆತಿದ್ದು" ಅಂದರು ಕಮಲಾಕ್ಷಮ್ಮ, ನಾನು ಬಾಯಿ ತೆರೆಯುವ ಮುಂಚೆ.

ಒಪ್ಪಿಕೊಳ್ಳುತ್ತೇನೆ, ಒಂದು ಕ್ಷಣ ನಾನು ಸುಮ್ಮನಿದ್ದೆ. ಅವರ ಮಾತು ಅಲ್ಲಿಗೇ ನಿಂತರೆ ನನ್ನ ಬೋರ್ಡಿನ ಮೇಲಿನ ಹೆಸರು ಶುದ್ಧವಾಗಿ ಉಳಿಯುತ್ತಿತ್ತು. ಆಮೇಲೆ ಹೇಳಿದೆ. "ತಂತಿ ಹಾಕಿದ್ದು ನಾನು. ಸ್ಟಾಪ್ ಇದ್ಯಾ ಅಂತ ನೋಡಿ ಅಮುಕಬೇಕಾಗಿದ್ದೂ ನಾನೇ. ನೋಡ್ಲಿಲ್ಲ. ತಪ್ಪು ನಂದು."

ಗಿರಿರಾಜ್ ಇಬ್ಬರನ್ನೂ ನೋಡಿದರು. ಬೈಯಲೆಂದೇ ಬಂದ ಮನುಷ್ಯ. "ಇಬ್ರೂ ನಂದು ನಂದು ಅಂತೀರಾ. ನಾಲ್ಕ್ ದಿನ ನನ್ ಮಗಳು ಅನ್ನ ಬಿಟ್ಟಿದ್ಲು. ನಾನು ಸೂಪರಾಗಿದಾಳೆ ಅಂತ ಫೋನಲ್ಲಿ ಹೇಳ್ತಾ ಇದ್ದೆ" ಅಂದು ಬೆಂಚಿನ ಮೇಲೆ ಕುಸಿದು ಕೂತರು. ಅದರ ಬದಲು ನಾಲ್ಕು ಬೈದಿದ್ದರೆ ಸುಖವಿತ್ತು.

ಅವರು ಮಗಳನ್ನು ಕರೆದುಕೊಂಡು ಹೋದ ಮೇಲೆ ಕಮಲಾಕ್ಷಮ್ಮ ಉಪಕರಣಗಳನ್ನು ತೊಳೆದು ಮತ್ತೆ ಸಾಲಿಗಿಟ್ಟು, ಚೆದುರಿದ ಹೂವನ್ನು ಮೇಲೆ ಹಾಕಿದರು. ಕೈ ಮುಗಿದರು. ನಂತರ ಸೊಂಟದಿಂದ ಕ್ಲಿನಿಕ್ಕಿನ ಇನ್ನೊಂದು ಬೀಗದ ಕೈ ತೆಗೆದು ನನ್ನ ಮೇಜಿನ ಮೇಲಿಟ್ಟರು, ಪಕ್ಕದಲ್ಲಿ ಆ ಸ್ಟಾಪ್ ಇದ್ದ ಮುಚ್ಚಳ.

"ಬೇರೆಯವರನ್ನ ನೋಡ್ಕೊಳ್ಳಿ ಮೇಡಂ. ಬೆಳಗ್ಗೇನೇ ಗೊತ್ತಾಯ್ತು ನಂಗೆ. ನಿಮ್ಗೆ ಹೇಳಕ್ಕೆ ಹೆದರ್ಕೊಂಡು ಬೀದಿ ಅಲೆದೆ. ಅಷ್ಟೊತ್ತೂ ಆ ಮಗು ನೋವು ತಿಂತಿತ್ತು."

"ಯಾಕ್ ಹೆದರ್ಬೇಕಿತ್ತು ಕಮಲಾಕ್ಷಮ್ಮ? ಯಾವ ಬೇರೆಯವರು?"

"ನೀವೇ ಹೇಳಿದ್ರಲ್ಲಾ ಮೇಡಂ. ಜುಲೈನಲ್ಲಿ. ಎಲ್ರ ಮುಂದೆ."

ನೀವೇ ಹೇಳಿದ್ರಲ್ಲಾ. ಒಂದು ಗಂಟೆಯ ಹಿಂದೆ ಇದೇ ಮಾತನ್ನು ಆ ಹುಡುಗಿ ಇವರಿಗೆ ಹೇಳಿದ್ದಳು. ಕೀ ತೆಗೆದು ಅವರ ಅಂಗೈಯಲ್ಲಿಟ್ಟು, ಕೈ ಬಿಡದೆ ಹೇಳಿದೆ. "ಅವತ್ತು ಆಡಬಾರದ ಮಾತು ಆಡಿದೆ. ಅದ್ರಿಂದಾನೇ ಇವತ್ತು ಇದಾಯ್ತು. ಇದು ಇಟ್ಕೊಳ್ಳಿ. ನೀವಿಲ್ದೆ ನಂಗಾಗಲ್ಲ." ಅವರು ಕೀ ಸೊಂಟಕ್ಕೆ ಸಿಕ್ಕಿಸಿ, ಮುಚ್ಚಳ ಮೇಜಿನ ಮೇಲೇ ಬಿಟ್ಟು ಹೊರಟರು. ಮರುದಿನ ವಿಜಯದಶಮಿಯ ರಜೆ, ದಿನವಿಡೀ ನಾನು ಕಳವಳಪಟ್ಟೆ, ಬರುತ್ತಾರೋ ಇಲ್ಲವೋ ಅಂತ.

ಶುಕ್ರವಾರ ಒಂಬತ್ತಕ್ಕೆ ಹೋದಾಗ ಬಾಗಿಲು ತೆರೆದಿತ್ತು, ನೆಲ ಒರೆಸಿತ್ತು. ಮುಚ್ಚಳದಲ್ಲಿ ಒಂದೇ ಸ್ಟಾಪ್ ಇತ್ತು. ಒಬ್ಬರದು ಮುಗಿದ ಮೇಲೆ ಇನ್ನೊಬ್ಬರದು ಇಡುತ್ತೇನೆ, ಒಟ್ಟಿಗೆ ಬೇಡ ಅಂದರು. ಮೊದಲು ಬಂದದ್ದು ಹತ್ತು ವರ್ಷದ ಒಂದು ಹುಡುಗಿ. ಕಮಲಾಕ್ಷಮ್ಮ ಅಭ್ಯಾಸದಂತೆ "ನೋವಾಗುತ್ತೆ" ಅಂತ ಶುರು ಮಾಡಿ ನಿಂತರು. ಆಮೇಲೆ ಒಂದು ಚೀಟಿಯಲ್ಲಿ ತಮ್ಮ ಫೋನ್ ನಂಬರ್ ಬರೆದು ಮಗುವಿನ ಕೈಗೇ ಕೊಟ್ಟರು, ತಾಯಿಯ ಕೈಗಲ್ಲ. "ಅಳು ಬಂದ್ರೆ ಅಳು. ಸಣ್ಣದಾದ್ರೂ ನಂಗೆ ಫೋನ್ ಮಾಡು."

ಆಮೇಲೆ ಚಿಮಟದಲ್ಲಿ ಸ್ಟಾಪ್ ಎತ್ತಿ ತಂತಿಗೆ ತೂರಿಸಲು ಹೋದರು. ತುದಿ ಸಿಗದೆ ತಪ್ಪಿತು. ಇನ್ನೊಮ್ಮೆ ತಪ್ಪಿತು. ಹೊರಗೆ ಆರು ಜನ ಕಾಯುತ್ತಿದ್ದರು. ಅವರು ಕಣ್ಣೆತ್ತಿ ನನ್ನ ಮುಖ ನೋಡಿದರು. ನಾನು ಇಕ್ಕಳ ಕೆಳಗಿಟ್ಟು ಕಾದೆ.